ಎಳೆಯ ಮುಧೋಳ ನಾಯಿ ಮಾತು ಕೇಳದಿದ್ದಾಗ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಏಳೆಂಟು ತಿಂಗಳವರೆಗೆ ಹೇಳಿದ್ದು ಕೇಳುತ್ತಿದ್ದ ಮರಿ ಆಮೇಲೆ ಕೆಟ್ಟುಹೋಯಿತು ಅಂತ ಹೇಳುವವರು ಜಾಸ್ತಿ. ಕರೆದರೆ ಬರುವುದಿಲ್ಲ. ಓಡಿಸಿದರೆ ಅರ್ಧ ದಾರಿಯಲ್ಲಿ ಕೂತುಬಿಡುತ್ತದೆ. ಕುರಿ ಕಂಡರೆ ಬೆನ್ನು ಹತ್ತುತ್ತದೆ. ಟ್ರ್ಯಾಕ್ಟರ್ ಸದ್ದಿಗೆ ಹೊರಸಿನ ಕೆಳಗೆ ನುಗ್ಗುತ್ತದೆ. ಇಷ್ಟು ಹೇಳಿ ಕೊನೆಗೆ "ಇದಕ್ಕ ಬುದ್ಧಿ ಇಲ್ರೀ" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಎಳೆಯ ನಾಯಿ ಮಾತು ಕೇಳುತ್ತಿಲ್ಲ ಅಂದರೆ ಬಹುಪಾಲು ಸಲ ಅದಕ್ಕೆ ಎಲ್ಲೋ ನೋವಿರುತ್ತದೆ, ಹೊಟ್ಟೆಗೆ ಸಾಲುತ್ತಿರುವುದಿಲ್ಲ, ಹೆದರಿರುತ್ತದೆ, ಇಲ್ಲವೇ ನಾವು ಏನು ಹೇಳುತ್ತಿದ್ದೇವೆ ಅಂತ ಅದಕ್ಕೆ ತಿಳಿದಿರುವುದಿಲ್ಲ. ಹುಡುಕುವುದೂ ಇದೇ ಕ್ರಮದಲ್ಲಿ: ಮೊದಲು ಮೈ, ಆಮೇಲೆ ಊಟ, ಆಮೇಲೆ ಭಯ, ಕೊನೆಗೆ ಪಾಠ. ಹಟದ ಮಾತು ಇವೆಲ್ಲ ಮುಗಿದ ಮೇಲೆ.

ಇನ್ನೊಂದು ಕಟ್ಟುನಿಟ್ಟು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಊಟ ಬದಲಾಯಿಸಿ, ಹಗ್ಗ ಬದಲಾಯಿಸಿ, ಓಟದ ಹೊತ್ತನ್ನೂ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಬದಲಾಯಿಸಿದ ಮೇಲೆ ಒಂದೆರಡು ವಾರ ಕಾಯಿರಿ. (ನೋವು, ಜ್ವರ, ಬಿಸಿಲಿನ ಪೆಟ್ಟು ಇದ್ದರೆ ಕಾಯುವ ಮಾತಿಲ್ಲ, ಅವತ್ತೇ ಡಾಕ್ಟರ್.)

ಇಲ್ಲಿ ಬರೆದಿರುವುದು ಮುಧೋಳ ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ರಾಜಪಾಳ್ಯಂ, ಚಿಪ್ಪಿಪಾರೈ ಸಾಕಿದವರಿಗೂ ಬಹುತೇಕ ಹೊಂದುತ್ತದೆ. ಇವೆಲ್ಲ ಕಣ್ಣಿನಿಂದ ಬೇಟೆಯಾಡುವ ಜಾತಿ. ಮೂಸುತ್ತಾ ಹೋಗುವ ನಾಯಿಗಳಲ್ಲ. ದೂರದಲ್ಲಿ ಏನೋ ಅಲುಗಿದ್ದು ಕಂಡಿತು ಅಂದರೆ ಕಾಲು ಮೊದಲು ಹೊರಡುತ್ತದೆ. ಈ ಸ್ವಭಾವವನ್ನು ದೋಷ ಅಂದುಕೊಂಡು ಬಡಿದು ತಿದ್ದಲು ಹೋದರೆ ನಾಯಿಯ ಧೈರ್ಯವೇ ಹೋಗುತ್ತದೆ. ಓಟ ಮಾತ್ರ ಹಾಗೇ ಉಳಿಯುತ್ತದೆ.

ಓಡುತ್ತಾ ಓಡುತ್ತಾ ನಿಂತುಬಿಡುತ್ತದೆ

ಮೊದಲ ಪ್ರಶ್ನೆ: ವಯಸ್ಸೆಷ್ಟು? ಆರು ತಿಂಗಳ ಮರಿ ಕೂತುಬಿಟ್ಟರೆ ಅದು ದೋಷವೇ ಅಲ್ಲ. ಎಲುಬಿನ ತುದಿಯಲ್ಲಿ ಬೆಳೆಯುವ ಮೆದು ಭಾಗ ಇರುತ್ತದೆ. ಈ ಗಾತ್ರದ ನಾಯಿಗಳಲ್ಲಿ ಅದು ಪೂರ್ತಿ ಗಟ್ಟಿಯಾಗಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಮರಿ ತಾನಾಗಿ ಆಡಲಿ, ಓಡಲಿ, ಸುಸ್ತಾದಾಗ ಬಿದ್ದುಕೊಳ್ಳಲಿ. ಅದು ತಾನೇ ನಿಲ್ಲುವ ಓಟದಿಂದ ತೊಂದರೆಯಿಲ್ಲ. ನಾವು ನಿಲ್ಲಲು ಬಿಡದ ಓಟದಿಂದಲೇ ತೊಂದರೆ. ಬೈಕಿಗೆ ಕಟ್ಟಿ ಓಡಿಸುವುದನ್ನು ನಮ್ಮ ಕಡೆ ರಸ್ತೆಗಳಲ್ಲಿ ಈಗಲೂ ನೋಡುತ್ತೇನೆ. ದಯವಿಟ್ಟು ಮಾಡಬೇಡಿ. ಬೈಕ್ ಓಡಿಸುವವನಿಗೆ ಹಿಂದೆ ನಾಯಿಯ ಹೆಜ್ಜೆ ತಪ್ಪಿದ್ದು ಕಾಣುವುದೇ ಇಲ್ಲ.

ವಯಸ್ಸು ಸರಿಯಿದ್ದರೆ ಹೊತ್ತು ನೋಡಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಿಸಿ ಹೊರಹಾಕಲು ತೇಕುವುದೊಂದೇ (ನಾಲಿಗೆ ಚಾಚಿ ಏದುಸಿರು ಬಿಡುವುದೊಂದೇ) ದೊಡ್ಡ ದಾರಿ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಬೆಳಗ್ಗೆ ಎಂಟರ ಬಿಸಿಲೇ ಸಾಕು. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲಿಡಿ. ಏಳು ಸೆಕೆಂಡು ಇಟ್ಟುಕೊಳ್ಳಲು ಆಗದಿದ್ದರೆ ನಾಯಿಯ ಕಾಲಿಗೂ ಆಗುವುದಿಲ್ಲ.

ಬಿಸಿಲಿನ ಪೆಟ್ಟು ಬಿದ್ದಿದೆಯೇ ಅಂತ ತಿಳಿಯಲು ಬಾಯಿ ತೆರೆದು ಒಸಡು ನೋಡಿ. ಆರೋಗ್ಯವಾಗಿರುವ ಒಸಡು ತಿಳಿಗೆಂಪು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಿ, ಎರಡು ಸೆಕೆಂಡಿನ ಒಳಗೆ ಬಣ್ಣ ವಾಪಸ್ ಬರಬೇಕು. ಇಟ್ಟಿಗೆಯ ಹಾಗೆ ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ನಡೆದರೆ ತೂರಾಡುತ್ತಿದ್ದರೆ ಅಪಾಯ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿತು ಅಂದರೆ ಜೀವಕ್ಕೇ ಕುತ್ತು. ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ. ಒದ್ದೆ ಗೋಣಿಚೀಲ ಹೊದಿಸಿ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಗಾಡಿ ಹತ್ತಿಸಿ. ಎದ್ದು ನಿಂತಿತು ಅಂತ ಡಾಕ್ಟರನ್ನು ಬಿಡಬೇಡಿ. ಒಳಗಿನ ಪೆಟ್ಟು ಮರುದಿನ ತೋರಿಸಿಕೊಳ್ಳುವುದುಂಟು.

ತಂಪು ಹೊತ್ತಿನಲ್ಲೂ ನಿಲ್ಲುತ್ತಿದೆ, ಒಸಡು ಕೆಂಪಲ್ಲ, ಬಿಳಿಚಿಕೊಂಡಿದೆ. ಆಗ ಉಣ್ಣೆ ಹುಡುಕಿ. ಕಿವಿಯ ಒಳಗೆ, ಕುತ್ತಿಗೆಯ ಪಟ್ಟಿಯ ಕೆಳಗೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ. ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆ ತುಂಬ ಸಾಮಾನ್ಯ. ನಾಯಿ ಊಟ ಬಿಡುತ್ತದೆ, ಮಂಕಾಗುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತದೆ. ಉಣ್ಣೆ ಒಂದೂ ಕಾಣಲಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಕಚ್ಚಿ ಉದುರಿಹೋಗಿ ವಾರಗಳಾದ ಮೇಲೂ ಜ್ವರ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ಔಷಧಿಗೆ ಬಗ್ಗುತ್ತದೆ. ಜಂತುಹುಳದಿಂದಲೂ ಒಸಡು ಬೆಳ್ಳಗಾಗುತ್ತದೆ, ಹಾಗಾಗಿ ಹುಳದ ಮದ್ದು ಕೊಟ್ಟ ತಾರೀಕು ಬರೆದಿಟ್ಟುಕೊಂಡಿರಿ.

ಇವೆಲ್ಲ ಸರಿಯಿದ್ದರೆ ಉಳಿಯುವುದು ಅಭ್ಯಾಸದ ಕೊರತೆ. ಅದನ್ನು ಮುಂದೆ ಹೇಳುತ್ತೇನೆ.

ಒಂದು ಕಾಲು ಎತ್ತಿಕೊಂಡು ಓಡುತ್ತದೆ

ಕುಂಟು ಕಂಡ ಕೂಡಲೇ ಮಾಲೀಕರ ಕೈ ತೊಡೆಗೆ, ಸೊಂಟಕ್ಕೆ ಹೋಗುತ್ತದೆ. ನೀವು ಕೆಳಗಿನಿಂದ ಶುರು ಮಾಡಿ. ನಾಯಿಯನ್ನು ಬಲಮಗ್ಗುಲಿಗೋ ಎಡಮಗ್ಗುಲಿಗೋ ಮಲಗಿಸಿ, ಸರಿಯಿರುವ ಕಾಲನ್ನು ಮೊದಲು ಮುಟ್ಟಿ. ಆಗ ಅದರ ಮಾಮೂಲಿ ಪ್ರತಿಕ್ರಿಯೆ ಏನು ಅಂತ ನಿಮಗೆ ತಿಳಿಯುತ್ತದೆ. ಆಮೇಲೆ ನೋಯುವ ಕಾಲು. ಅಂಗಾಲಿನ ಮೆತ್ತೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಮಣ್ಣು ಹೋದಮೇಲೆ ತಾನೇ ಮುಳ್ಳು ಕಾಣುವುದು? ಹೆಬ್ಬೆರಳಿನಿಂದ ಒಂದೊಂದೇ ಮೆತ್ತೆಯನ್ನು ಮೆಲ್ಲಗೆ ಒತ್ತುತ್ತಾ ಹೋಗಿ, ಕಣ್ಣು ಮಾತ್ರ ನಾಯಿಯ ಮುಖದ ಮೇಲಿರಲಿ. ನೋವಿನ ಜಾಗ ಬಂದಾಗ ಎಲ್ಲ ನಾಯಿಯೂ ಕುಂಯ್ ಅನ್ನುವುದಿಲ್ಲ. ಮುಧೋಳ ನಾಯಿ ಬಹಳ ಸಲ ಸುಮ್ನೆ ತುಟಿ ನೆಕ್ಕುತ್ತದೆ, ತೇಕುತ್ತಿದ್ದದ್ದು ಒಂದು ಕ್ಷಣ ಬಾಯಿ ಮುಚ್ಚುತ್ತದೆ. ಅಷ್ಟೇ ಗುರುತು.

ನಮ್ಮ ಹೊಲಗಳಲ್ಲಿ ಸಿಗುವುದು ಮುಖ್ಯವಾಗಿ ಮೂರು. ನೆಗ್ಗಿಲು ಮುಳ್ಳು ಬೆರಳ ಸಂದಿಯ ಕೂದಲಲ್ಲಿ ಸಿಕ್ಕಿಕೊಂಡು ಹೆಜ್ಜೆಗೊಮ್ಮೆ ಚುಚ್ಚುತ್ತದೆ, ತೆಗೆದರೆ ಐದು ನಿಮಿಷದಲ್ಲಿ ನಾಯಿ ಸರಿ. ಜಾಲಿ ಮುಳ್ಳು ಹಾಗಲ್ಲ. ತುದಿ ಒಳಗೆ ಮುರಿದುಕೊಂಡು, ಎರಡು ದಿನದ ಮೇಲೆ ಕೀವು ಕಟ್ಟುತ್ತದೆ. ಮೂರನೆಯದು ಕಬ್ಬು ಕಟಾವಾದ ಗದ್ದೆಯ ಕೂಳೆ. ಓರೆಯಾಗಿ ಕತ್ತರಿಸಿದ ಕೂಳೆ ಚಾಕುವಿನಷ್ಟು ಚೂಪು. ಓಟದ ಭರದಲ್ಲಿ ಮೆತ್ತೆ ಸೀಳಿಹೋಗುತ್ತದೆ, ಒಮ್ಮೊಮ್ಮೆ ಎದೆಯೂ. ಕಟಾವಾದ ಗದ್ದೆಯಲ್ಲಿ ನಾಯಿ ಬಿಡಲೇಬೇಡಿ ಅನ್ನುವುದು ನನ್ನ ಖಡಾಖಂಡಿತ ಮಾತು.

ಪಾದದಲ್ಲಿ ಏನೂ ಇಲ್ಲ. ಉಗುರು ನೋಡಿ. ಉದ್ದ ಬೆಳೆದ ಉಗುರು ನೆಲಕ್ಕೆ ತಾಗಿ ಬೆರಳನ್ನು ಹಿಂದಕ್ಕೆ ತಳ್ಳುತ್ತದೆ, ಓಡುವಾಗ ಬುಡಕ್ಕೇ ಕಿತ್ತುಬರುವುದೂ ಉಂಟು. ಉಗುರೂ ಸರಿಯಿದ್ದರೆ ಮೇಲಕ್ಕೆ ಬನ್ನಿ. ಒಂದು ವಾರ ಮುಂಗಾಲು ಕುಂಟಿ, ಅದು ಸರಿಹೋಗಿ, ಇನ್ನೊಂದು ವಾರಕ್ಕೆ ಬೇರೆ ಕಾಲು ಕುಂಟಿದರೆ, ಉದ್ದನೆ ಎಲುಬಿನ ಮಧ್ಯದಲ್ಲಿ ಒತ್ತಿದಾಗ ಎಳೆದುಕೊಂಡರೆ, ಬೆಳೆಯುವ ವಯಸ್ಸಿನಲ್ಲಿ ಬರುವ ಎಲುಬಿನ ಉರಿಯೂತ ಇರಬಹುದು. ಐದರಿಂದ ಹದಿನೆಂಟು ತಿಂಗಳ ದೊಡ್ಡ ಜಾತಿಯ ನಾಯಿಗಳಲ್ಲಿ ಇದು ಕಾಣುತ್ತದೆ, ಸಮಯ ಕೊಟ್ಟರೆ ತಾನಾಗಿ ಹೋಗುತ್ತದೆ. ಆದರೆ ಒಂದೇ ಕಾಲು, ಒಂದೇ ಸಂದು, ಊತ, ಮಲಗಿ ಎದ್ದಾಗ ಜಾಸ್ತಿ ನೋವು ಅಂದರೆ ಎಕ್ಸ್‌ರೇ ಬೇಕು.

ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ.

ತೆಳ್ಳಗಿದೆ, ಮೈ ಹತ್ತುತ್ತಿಲ್ಲ

ಇದು ದೋಷವೋ ಅಲ್ಲವೋ ಅಂತಲೇ ಮೊದಲು ನೋಡಬೇಕು. ಬೆಂಗಳೂರಿಗೆ ಮರಿ ಒಯ್ದವರು ಪಕ್ಕೆಲುಬು ಕಂಡಿತು ಅಂತ ಗಾಬರಿಯಾಗಿ ಅನ್ನ ತುರುಕುತ್ತಾರೆ. ಮುಧೋಳ ನಾಯಿಗೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು, ಹೊಟ್ಟೆ ಮೇಲಕ್ಕೆ ಸೇದಿಕೊಂಡಿರುವುದು ಸಹಜ. ನೋಡಬೇಕಾದ್ದು ತೊಡೆ ಮತ್ತು ಬೆನ್ನು. ತೊಡೆ ತುಂಬಿ, ಬೆನ್ನೆಲುಬಿನ ಎರಡೂ ಬದಿ ಮಾಂಸ ಕಟ್ಟಿದ್ದರೆ ನಾಯಿ ಚೆನ್ನಾಗಿದೆ. ಬೆನ್ನಿನ ಗಂಟು ಒಂದೊಂದೇ ಎಣಿಸುವ ಹಾಗೆ ಎದ್ದಿದ್ದರೆ ಊಟ ಸಾಲುತ್ತಿಲ್ಲ, ಇಲ್ಲವೇ ಹುಳ ಇದೆ.

ಜೋಳದ ರೊಟ್ಟಿ, ಹಾಲು, ಮಜ್ಜಿಗೆ ನಮ್ಮ ಹಳ್ಳಿಗಳ ವಾಡಿಕೆ. ಬಾಗಿಲಲ್ಲಿ ಮಲಗುವ ನಾಯಿ ಅದರಲ್ಲೇ ಬದುಕುತ್ತದೆ, ಆದರೆ ಓಡುವ ಎಳೆಯ ನಾಯಿಗೆ ಅದು ಸಾಲದು. ಬೆಳೆಯುವ ಮರಿಯ ಊಟದಲ್ಲಿ ನೀರು ಬಿಟ್ಟು ಉಳಿದದ್ದರ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಪ್ರೋಟೀನ್ ಇರಬೇಕು. ರೊಟ್ಟಿಯ ಜೊತೆ ಬೇಯಿಸಿದ ಮೊಟ್ಟೆ, ಕೋಳಿ, ಮೀನು ಸೇರಿಸಿ. ಹಾಗಂತ ಬರೀ ಮಾಂಸ ಹಾಕಬೇಡಿ. ಎಲುಬಿಲ್ಲದ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಕೊರತೆ ತುಂಬಲು ಮೈ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ, ಕಾಲು ಸೊಟ್ಟಗಾಗುತ್ತದೆ. ಕಂಪನಿ ಆಹಾರ ತಿನ್ನುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಪುಡಿ ಸುರಿದರೂ ಎಲುಬಿಗೆ ಕೆಡುಕೇ. ಬೇಯಿಸಿದ ಎಲುಬು ಸೀಳುತ್ತದೆ, ಕೊಡಬೇಡಿ. ಉಂಡ ಮೇಲೆ ಎರಡು ಗಂಟೆ ಓಟ ಬೇಡ. ಎದೆ ಆಳವಿರುವ ನಾಯಿಗಳ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ. ವಾಂತಿಗೆ ಒದ್ದಾಡಿದರೂ ಏನೂ ಬಾರದೆ ಹೊಟ್ಟೆ ಉಬ್ಬುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ.

ಕರೆದರೆ ಬರುವುದಿಲ್ಲ

ಮೈ, ಊಟ ಎರಡೂ ಸರಿಯಿದ್ದ ಮೇಲೆ ಇಲ್ಲಿಗೆ ಬನ್ನಿ. ಒಂದು ಸಣ್ಣ ಪರೀಕ್ಷೆ ಮಾಡಿ. ಅಂಗಳದಲ್ಲಿ ಐದು ಹೆಜ್ಜೆ ದೂರದಿಂದ ಒಂದೇ ಸಲ, ಒಂದೇ ಮಾತಿನಲ್ಲಿ ಕರೆಯಿರಿ. ಬಂತೇ? ಹತ್ತು ಹೆಜ್ಜೆ. ಆಮೇಲೆ ಗೇಟಿನ ಹೊರಗೆ. ಆಮೇಲೆ ದೂರದಲ್ಲಿ ಮೇಕೆ ಮೇಯುತ್ತಿರುವಾಗ. ಎಲ್ಲಿಂದ ಬರುವುದು ನಿಂತಿತೋ ಅಲ್ಲಿಯವರೆಗೆ ಮಾತ್ರ ಅದು ಪಾಠ ಕಲಿತಿದೆ ಅಂತ ಅರ್ಥ. ಅದರಾಚೆಗಿನದನ್ನು ನಾವು ಕಲಿಸಿಯೇ ಇಲ್ಲ.

ಕರೆಯುವುದನ್ನು ಕೇಳಿಸಿಕೊಂಡರೆ ಬಹಳ ಸಲ ದೋಷ ಅಲ್ಲೇ ಸಿಗುತ್ತದೆ. ನಮ್ಮ ಪಕ್ಕದ ತೋಟದ ಹುಡುಗ ತನ್ನ ನಾಯಿಯನ್ನು ಕರೆಯುತ್ತಿದ್ದ: "ರಾಜಾ, ಬಾ. ಬಾರೋ. ಏ ರಾಜಾ, ಬಾ ಬಾ ಬಾ. ಬರ್ತೀಯೋ ಇಲ್ಲೋ, ಬಾ ಇಲ್ಲಿ." ನಾಯಿ ಮೊದಲ "ಬಾ"ಗೆ ಕಿವಿ ತಿರುಗಿಸಿತು. ಎರಡನೆಯದಕ್ಕೆ ತಲೆ ಎತ್ತಿತು. ಮೂರನೆಯದರ ಹೊತ್ತಿಗೆ ಮತ್ತೆ ಹುಲ್ಲು ಮೂಸತೊಡಗಿತ್ತು. ಕೊನೆಗೆ ಬಂದಾಗ ಆತ ಪಟ್ಟಿ ಹಿಡಿದು ಎಳೆದುಕೊಂಡು ಹೋಗಿ ಸರಪಳಿಗೆ ಹಾಕಿದ. ಆ ನಾಯಿಯ ಲೆಕ್ಕದಲ್ಲಿ "ಬಾ" ಅಂದರೆ ಆಟ ಮುಗಿಯಿತು, ಕಟ್ಟಿಹಾಕುತ್ತಾರೆ ಅಂತ. ಬಾರದೇ ಇರುವುದೇ ಬುದ್ಧಿವಂತಿಕೆ ಅಲ್ವಾ?

ತಿದ್ದುವುದು ಹೀಗೆ. ಹಳೆಯ ಮಾತು ಕೆಟ್ಟಿದ್ದರೆ ಬಿಟ್ಟುಬಿಡಿ, ಸೀಟಿಯೋ ಬೇರೆ ಮಾತೋ ಹಿಡಿಯಿರಿ. ಒಂದು ಸಲ ಮಾತ್ರ ಕರೆಯಿರಿ. ಬಂದರೆ ಬಟಾಣಿ ಗಾತ್ರದ ಮೊಟ್ಟೆಯ ಚೂರೋ ಕೋಳಿಯ ಚೂರೋ ಕೊಟ್ಟು, ಮತ್ತೆ ಆಡಲು ಬಿಡಿ. ಹತ್ತು ಸಲ ಕರೆದರೆ ಒಂಬತ್ತು ಸಲ ಹಾಗೇ ಬಿಡಬೇಕು. ಬಯಲಿಗೆ ಹೋದಾಗ ಹತ್ತು ಮೀಟರಿನ ಹತ್ತಿ ಹಗ್ಗ ಇರಲಿ. ನೈಲಾನ್ ಕೈ ಸುಡುತ್ತದೆ. ಹಗ್ಗವನ್ನು ಕುತ್ತಿಗೆಗೆ ಕಟ್ಟಬೇಡಿ, ಎದೆಪಟ್ಟಿಗೆ ಕಟ್ಟಿ. ಈ ನಾಯಿ ಕೆಲವೇ ನೆಗೆತಕ್ಕೆ ಪೂರ್ತಿ ವೇಗ ಹಿಡಿಯುತ್ತದೆ, ಹಗ್ಗ ಮುಗಿದಾಗ ಕುತ್ತಿಗೆಗೆ ಬೀಳುವ ಪೆಟ್ಟು ದೊಡ್ಡದು. ಮಾಮೂಲಿ ನಡಿಗೆಗೆ ಅಗಲದ ಪಟ್ಟಿ ಬೇಕು. ಇದರ ತಲೆ ಕಿರಿದು, ಸಪೂರ ಪಟ್ಟಿಯಾದರೆ ಹಿಂದೆ ಜಗ್ಗಿ ಜಾರಿಸಿಕೊಳ್ಳುತ್ತದೆ.

ನಾಯಿ ತಡವಾಗಿ ಬಂದಾಗ ನಿಮಗೆ ಎಷ್ಟೇ ಸಿಟ್ಟು ಬಂದರೂ ಹೊಡೆಯಬೇಡಿ. ಅದು ಹೊಡೆತವನ್ನು ಬಂದದ್ದಕ್ಕೆ ಜೋಡಿಸಿಕೊಳ್ಳುತ್ತದೆ, ತಡವಾದದ್ದಕ್ಕಲ್ಲ.

ಕುರಿ, ಕೋಳಿಯ ಬೆನ್ನು ಹತ್ತುತ್ತದೆ

ಮನೆಯಲ್ಲಿ ಯಾರಾದರೂ "ಛೂ" ಅಂದಿದ್ದಾರಾ ವಿಚಾರಿಸಿ. ಮರಿಯಾಗಿದ್ದಾಗ ಕಾಗೆಗೆ ಛೂ, ಬೆಕ್ಕಿಗೆ ಛೂ, ಪಕ್ಕದ ಮನೆಯ ಕೋಳಿಗೆ ಛೂ. ಎಲ್ಲರಿಗೂ ನಗು. ಅದೇ ನಾಯಿ ಇಪ್ಪತ್ತು ಕೆಜಿ ಆದಮೇಲೆ ಕುರಿಯ ಮೇಲೆ ಬಿದ್ದರೆ ಜಗಳ. ಇದನ್ನು ನಿಲ್ಲಿಸದೆ ಬೇರೇನೂ ಹಿಡಿಯುವುದಿಲ್ಲ.

ಆಮೇಲೆ ದೂರದ ಲೆಕ್ಕ. ಹಗ್ಗದಲ್ಲಿ ಹಿಡಿದು, ಕುರಿ ಕಂಡರೂ ನಾಯಿ ಊಟ ತೆಗೆದುಕೊಳ್ಳುವಷ್ಟು ದೂರದಲ್ಲಿ ನಿಲ್ಲಿ. ಕುರಿಯತ್ತ ನೋಡಿ ನಿಮ್ಮ ಕಡೆ ತಿರುಗಿದ ಕ್ಷಣಕ್ಕೆ ಚೂರು ಕೊಡಿ. ಮೈ ಬಿಗಿದು, ಬಾಯಿ ಮುಚ್ಚಿ, ಕಣ್ಣು ಮಿಟುಕಿಸದೆ ನಿಂತರೆ ನೀವು ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ. ಕೆಲವು ನಾಯಿಗಳನ್ನು ಕುರಿಯ ನಡುವೆ ಹಗ್ಗವಿಲ್ಲದೆ ಬಿಡಲು ಎಂದೂ ಆಗುವುದಿಲ್ಲ. ಅದನ್ನು ಒಪ್ಪಿಕೊಂಡು ಬೇಲಿ ಹಾಕಿಸುವುದೇ ಸರಿ. ಮೊಲದ ಹಿಂದೆ ಬಿಟ್ಟು ಪಳಗಿಸುತ್ತೇನೆ ಅನ್ನುವವರಿಗೆ ಒಂದೇ ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಓಟದ ಹಸಿವು ತೀರಿಸಲು ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಬಟ್ಟೆಯ ತುಂಡು ಸಿಕ್ಕಿಸಿ ನೆಲದ ಮೇಲೆ ಎಳೆದರೆ ಸಾಕು. ಸಡಿಲ ಮಣ್ಣಿರಲಿ, ಗಕ್ಕನೆ ತಿರುಗಿಸಬೇಡಿ, ಐದು ನಿಮಿಷಕ್ಕೆ ನಿಲ್ಲಿಸಿ.

ಸದ್ದಿಗೆ, ಹೊಸಬರಿಗೆ ಹೆದರುತ್ತದೆ

ಮೂರು ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕು ವಾರದವರೆಗೆ ಮರಿ ಕಂಡದ್ದೆಲ್ಲ ಅದಕ್ಕೆ ಲೋಕ. ಆ ದಿನಗಳನ್ನು ಕೊಟ್ಟಿಗೆಯ ಮೂಲೆಯಲ್ಲೇ ಕಳೆದ ಮರಿಗೆ ಪ್ರೆಶರ್ ಕುಕ್ಕರ್ ಸೀಟಿಯೂ ಭೂತ. ಲಸಿಕೆ ಪೂರ್ತಿಯಾಗುವ ತನಕ ಹೊರಗೆ ಬಿಡಬೇಡಿ ಅನ್ನುವುದು ನಿಜ, ಪಾರ್ವೋ ಅನ್ನುವ ಅಂಟುರೋಗ ಮರಿಗಳನ್ನು ಕೊಲ್ಲುತ್ತದೆ. ಆದರೆ ಎತ್ತಿಕೊಂಡು ಸಂತೆಯ ಅಂಚಿನವರೆಗೆ ಹೋಗಬಹುದಲ್ಲ. ಇನ್ನು ಆರರಿಂದ ಹದಿನಾಲ್ಕು ತಿಂಗಳ ನಡುವೆ ಚೆನ್ನಾಗಿದ್ದ ನಾಯಿಗೂ ಒಮ್ಮೆ ಅಂಜಿಕೆ ಮರಳುವುದುಂಟು. ಆಗ ಎಳೆದುಕೊಂಡು ಹೋಗಿ ಟ್ರ್ಯಾಕ್ಟರ್ ಪಕ್ಕ ನಿಲ್ಲಿಸಿದರೆ ಭಯ ಗಟ್ಟಿಯಾಗುತ್ತದೆ. ದೂರದಿಂದ ಸದ್ದು, ಜೊತೆಗೆ ಊಟ, ಬೇಕಾದರೆ ಓಡಿಹೋಗಲು ದಾರಿ. ದೀಪಾವಳಿಯ ರಾತ್ರಿ ಪಾಠ ಬೇಡ, ಒಳಕೋಣೆಯಲ್ಲಿ ಜೊತೆಗೆ ಕೂತುಕೊಳ್ಳಿ.

ಹೊಸಬರ ಬಗ್ಗೆ ಮುಧೋಳ ನಾಯಿ ತಾನಾಗಿಯೇ ಬಿಗುಮಾನದ್ದು. ಮೈ ಮುಟ್ಟಿಸಿಕೊಳ್ಳಲು ಹಿಂಜರಿಯುವುದು ದೋಷವಲ್ಲ. ಆದರೆ ಡಾಕ್ಟರ್ ಮುಟ್ಟಲು ಬಿಡಬೇಕು, ಅದಕ್ಕಾಗಿ ಕಿವಿ, ಬಾಯಿ, ಪಾದ ಮುಟ್ಟುವುದನ್ನು ದಿನಾ ಒಂದೊಂದು ನಿಮಿಷ ರೂಢಿ ಮಾಡಿಸಿ. 2016ರಲ್ಲಿ ಭಾರತೀಯ ಸೇನೆ ಮುಧೋಳ ಮರಿಗಳನ್ನು ತನ್ನ ಮೀರತ್ ಕೇಂದ್ರಕ್ಕೆ ಒಯ್ದು ತರಬೇತಿ ಕೊಟ್ಟಿತು. ಈ ಜಾತಿಗೆ ಕಲಿಯುವ ಶಕ್ತಿ ಇಲ್ಲ ಅನ್ನುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ.

ಓಟಕ್ಕೆ ಮೈ ಹದ ಮಾಡುವುದು

ಜಾತ್ರೆಯ ಓಟಕ್ಕೆ ಎರಡು ವಾರ ಇರುವಾಗ ಶುರು ಮಾಡಿ, ನಾಯಿ ಕೈಕೊಟ್ಟಿತು ಅನ್ನುವುದೇ ಈ ವಿಷಯದ ದೊಡ್ಡ ದೋಷ. ವರ್ಷ ತುಂಬಿದ ಮೇಲೆ ಮಣ್ಣಿನ ದಾರಿಯಲ್ಲಿ ಚುರುಕು ನಡಿಗೆ. ಇಪ್ಪತ್ತು ನಿಮಿಷದಿಂದ ಹತ್ತಿ, ಒಂದೆರಡು ತಿಂಗಳಲ್ಲಿ ಮುಕ್ಕಾಲು ಗಂಟೆ. ಹದಿನೈದು ತಿಂಗಳ ಸುಮಾರಿಗೆ ಒಂದೇ ಲಯದ ಹಗುರ ಓಟ, ಸೈಕಲ್ ಜೊತೆ ಬೇಕಾದರೆ ನಿಧಾನಕ್ಕೆ. ಇದು ನೆಲೆಯಾದ ಮೇಲೆ ಪೂರ್ತಿ ವೇಗದ ಓಟ, ವಾರಕ್ಕೆ ಎರಡು ಸಲ, ನಡುವೆ ಬಿಡುವು. ಶುರುವಿನಲ್ಲೂ ಕೊನೆಯಲ್ಲೂ ಹತ್ತು ನಿಮಿಷ ಬರೀ ನಡಿಗೆ. ಮರುದಿನ ಬೆಳಗ್ಗೆ ಏಳುವಾಗ ಮೈ ಬಿಗಿದುಕೊಂಡಿದ್ದರೆ ನಿನ್ನೆ ಜಾಸ್ತಿಯಾಗಿದೆ. ಓಡಿದ ಮೇಲೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಾಂಸಖಂಡ ಒಡೆದು ಕಿಡ್ನಿಗೆ ಹೊರೆ ಬಿದ್ದಿರಬಹುದು. ಅವತ್ತೇ ಆಸ್ಪತ್ರೆ.

ಡಾಕ್ಟರ್ ಹತ್ತಿರ ಹೋಗುವಾಗ

"ಮಾತು ಕೇಳಲ್ಲ" ಅಂತ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹುಳದ ಮದ್ದು, ಲಸಿಕೆಯ ತಾರೀಕು, ಏನು ತಿನ್ನುತ್ತದೆ, ಯಾವಾಗಿನಿಂದ ಶುರುವಾಯಿತು ಅಂತ ಬರೆದು ಒಯ್ಯಿರಿ. ನಾಯಿ ಎದುರಿನಿಂದ ಬರುವುದು, ಹಿಂದಕ್ಕೆ ಹೋಗುವುದು, ಪಕ್ಕದಿಂದ ಹಾದುಹೋಗುವುದು, ಈ ಮೂರನ್ನೂ ಮೊಬೈಲಿನಲ್ಲಿ ಹಿಡಿಯಿರಿ. ಆಸ್ಪತ್ರೆಯ ಗಡಿಬಿಡಿಯಲ್ಲಿ ಎಷ್ಟೋ ನಾಯಿ ಕುಂಟುವುದನ್ನೇ ಮರೆತು ನಿಲ್ಲುತ್ತದೆ. ಮುಧೋಳ ಹತ್ತಿರದವರಿಗೆ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ, ಈ ಜಾತಿಯನ್ನೇ ನೋಡುವವರು ಅಲ್ಲಿ ಸಿಗುತ್ತಾರೆ. ಬೇರೆ ಊರಿನಲ್ಲಿದ್ದು ನಾಯಿಗೆ ಆಪರೇಷನ್ ಮಾಡಿಸಬೇಕಾಗಿ ಬಂದರೆ, ಇದು ಗ್ರೇಹೌಂಡ್ ಥರದ ಓಟದ ನಾಯಿ, ಮೈಯಲ್ಲಿ ಕೊಬ್ಬು ಕಡಿಮೆ ಅಂತ ಮೊದಲೇ ಹೇಳಿ. ಅಂಥ ನಾಯಿಗಳು ಥಯೋಪೆಂಟಲ್‌ನಂಥ ಕೆಲವು ಅರಿವಳಿಕೆ ಮದ್ದಿನಿಂದ ಎಚ್ಚರವಾಗಲು ತುಂಬ ಹೊತ್ತು ತೆಗೆದುಕೊಳ್ಳುತ್ತವೆ. ಗೊತ್ತಿದ್ದರೆ ಡಾಕ್ಟರ್ ಬೇರೆ ಮದ್ದು ಆರಿಸುತ್ತಾರೆ.